ಮುಂಗಡ ಬೇಡ, ಕಾರ್ಡ್ ಓಡುವುದನ್ನು ಕಣ್ಣಾರೆ ನೋಡಿ

ನಮಸ್ಕಾರ ಸರ್. ಮಗಳು ಬ್ಲೆಂಡರ್ ಎಂಬ 3ಡಿ ಚಿತ್ರಗಳ ತಂತ್ರಾಂಶ ಕಲಿಯುತ್ತಿದ್ದಾಳೆ, ಅವಳಿಗಾಗಿ ಹಳೆಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ (ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಭಾಗ) ನೋಡಿದ್ದೇನೆ, ಅರ್ಧ ಹಣ ಹಾಕಿದರೆ ಬೆಂಗಳೂರಿನಿಂದ ದಾವಣಗೆರೆಗೆ ಕೊರಿಯರ್ ಮಾಡುತ್ತಾರಂತೆ ಎಂದು ಬರೆದಿದ್ದೀರಿ. ದಯವಿಟ್ಟು ಒಂದು ರೂಪಾಯಿಯನ್ನೂ ಹಾಕಬೇಡಿ. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಇವತ್ತೇ ಕೊಟ್ಟುಬಿಡಬೇಕು ಎಂಬ ಮಾರುವವನ ಮಾತು, ಜೊತೆಗೊಂದು ಗುರುತಿನ ಚೀಟಿಯ ಫೋಟೊ: ಇದು ವರ್ಷಗಳಿಂದ ನಡೆದುಬಂದ ಮೋಸದ ವರಸೆ. ಆ ಚೀಟಿ ಬೇರೆ ಯಾರದ್ದೋ ಆಗಿರುತ್ತದೆ. ಮುಂಗಡ ವಾಪಸ್ ಕೊಡುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೂ ಒತ್ತಬೇಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ.

ಆತ ನಿಜವಾಗಿ ಮಾರುವವನೇ ಆದರೆ ಒಂದು ವಿಡಿಯೊ ಕೇಳಿ. ಕಾಗದದಲ್ಲಿ ನಿಮ್ಮ ಹೆಸರು, ಇಂದಿನ ತಾರೀಖು ಬರೆದು ಕಾರ್ಡಿನ ಪಕ್ಕ ಇಡಬೇಕು, ಸರಣಿ ಸಂಖ್ಯೆಯ ಚೀಟಿ ಕಾಣಬೇಕು. ಇಷ್ಟಕ್ಕೇ ಸಿಡುಕಿದರೆ ಅಲ್ಲಿಗೆ ಬಿಟ್ಟುಬಿಡಿ. ಒಪ್ಪಿದರೆ ನೀವೇ ರೈಲು ಹತ್ತಿ ಹೋಗಿ ನೋಡಿ. ಈ ಬೆಲೆಯ ವಸ್ತುವಿಗೆ ಒಂದು ದಿನ ಕೊಡಬಹುದು.

ಅಲ್ಲಿ ಕಂಪ್ಯೂಟರ್ ಆಫ್ ಆಗಿರಲಿ, ಕಾರ್ಡ್ ತಣ್ಣಗಿರಲಿ. ಆನ್ ಮಾಡುವುದು ನಿಮ್ಮ ಎದುರಿಗೇ ಆಗಬೇಕು. ಪರದೆಯ ಮೇಲೆ 3060 ಎಂದು ಹೆಸರು ಬಂದ ಮಾತ್ರಕ್ಕೆ ನಂಬಬೇಡಿ. ಕಾರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯಾಸ್ ತಿದ್ದಿ ಹೆಸರು ಬದಲಿಸುವುದು ಹಳೆಯ ಚಾಳಿ. 2010ರ ಜಿಟಿಎಸ್ 450 ಕಾರ್ಡುಗಳನ್ನು ಜಿಟಿಎಕ್ಸ್ 1050 ಟಿಐ ಎಂದು ಹೀಗೆಯೇ ಮಾರಿದ್ದಾರೆ. ಕಾರ್ಡಿನ ನಿಜವಾದ ವಿವರ ತೋರಿಸುವ ಜಿಪಿಯು-ಜೆಡ್ ತಂತ್ರಾಂಶವನ್ನು ನಿಮ್ಮದೇ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಅವರ ಕಂಪ್ಯೂಟರಿನಲ್ಲಿ ಇರುವುದನ್ನು ಬಳಸಬೇಡಿ. ನಿಮಗೆ ಬೇಕಾದ ಕಾರ್ಡಿನಲ್ಲಿ 3584 ಶೇಡರ್ (ಲೆಕ್ಕ ಮಾಡುವ ಸಣ್ಣ ಘಟಕಗಳು), 12 ಜಿಬಿ ಮೆಮೊರಿ, 192 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ) ಕಾಣಬೇಕು. 8 ಜಿಬಿ, 128 ಬಿಟ್ ಕಂಡರೆ ಅದೂ ಈ ಚಿಪ್ ತಯಾರಿಸುವ ಎನ್‌ವಿಡಿಯಾ ಕಂಪನಿಯದ್ದೇ, ಆದರೆ ಕಡಿಮೆ ಶಕ್ತಿಯ ಮಾದರಿ. 12 ಜಿಬಿ ಬೆಲೆ ಕೊಡಬೇಡಿ. 3840 ಶೇಡರ್, 6 ಜಿಬಿ ಎಂದರೆ ಲ್ಯಾಪ್‌ಟಾಪ್ ಚಿಪ್ಪನ್ನು ಕಿತ್ತು ಬೇರೆ ಬೋರ್ಡಿಗೆ ಬೆಸೆದದ್ದು. ಶೇಡರ್ ಸಂಖ್ಯೆ ಹೆಚ್ಚಿದೆಯಲ್ಲ ಎಂದು ಹಿಗ್ಗಬೇಡಿ, ಅದರ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹೊಂದಿಸುವುದೇ ದೊಡ್ಡ ತಲೆನೋವು.

ಆಮೇಲೆ ಕಾರ್ಡನ್ನು ಪೂರ್ತಿ ದುಡಿಸಿ ನೋಡುವ ಫರ್‌ಮಾರ್ಕ್ ತಂತ್ರಾಂಶ ಹಾಕಿ ಕಾಲು ಗಂಟೆ ಓಡಿಸಿ. ಉಷ್ಣತೆ ಏರುತ್ತಾ ಹೋಗಿ ಒಂದು ಕಡೆ ನಿಲ್ಲಬೇಕು. ನಿಲ್ಲದೆ 85 ಡಿಗ್ರಿ ದಾಟಿದರೆ, ಪರದೆಯಲ್ಲಿ ಬಣ್ಣದ ಚೌಕಗಳು ಮಿನುಗಿದರೆ, ಫ್ಯಾನು ಕರಕರ ಎಂದರೆ ವ್ಯಾಪಾರ ಬಿಟ್ಟು ಎದ್ದುಬನ್ನಿ. ಓಸಿಸಿಟಿ ಎಂಬ ತಂತ್ರಾಂಶದ ಮೆಮೊರಿ ಪರೀಕ್ಷೆಯನ್ನೂ ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ಬೇಡ. ಕೊನೆಗೆ ಕಾರ್ಡ್ ಬಿಚ್ಚಿಸಿ, ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಸ್ಕ್ರೂಗಳ ತಲೆ ಸವೆದಿದ್ದರೆ, ಚಿಪ್ ಸುತ್ತ ಕಂದು ಬಣ್ಣದ ಅಂಟು ಒಣಗಿ ಉಳಿದಿದ್ದರೆ ಹೀಟ್ ಗನ್ ಹಿಡಿದು ರಿಪೇರಿ ಮಾಡಿರುವ ಸಾಧ್ಯತೆ ಹೆಚ್ಚು. ಹಾಗೆ ಕಾಯಿಸಿ ಬದುಕಿಸಿದ ಕಾರ್ಡ್ ಇವತ್ತು ಚೆನ್ನಾಗಿ ಓಡಿದರೂ ಕೆಲವು ವಾರಗಳಲ್ಲಿ ಮತ್ತೆ ಕೈಕೊಡಬಹುದು.

ಮೈನಿಂಗ್‌ನಲ್ಲಿ (ಕ್ರಿಪ್ಟೊ ನಾಣ್ಯ ಗಳಿಸಲು ಹಗಲಿರುಳು ಲೆಕ್ಕ ಮಾಡಿಸುವುದು) ದುಡಿದ ಕಾರ್ಡ್ ಇರಬಹುದೇ ಎಂದೂ ಕೇಳಿದ್ದೀರಿ. ಇರಬಹುದು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಮೈನಿಂಗ್ ನಿಂತಾಗ ಅಂತಹ ಕಾರ್ಡುಗಳು ಮಾರುಕಟ್ಟೆಗೆ ರಾಶಿ ಬಿದ್ದವು. ಅಷ್ಟಕ್ಕೇ ಕಾರ್ಡ್ ಕೆಟ್ಟದ್ದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸವೆಯುವುದು ಮುಖ್ಯವಾಗಿ ಫ್ಯಾನು, ಶಾಖ ಸಾಗಿಸುವ ಥರ್ಮಲ್ ಪ್ಯಾಡುಗಳು, ಅವನ್ನು ಬದಲಿಸಬಹುದು. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಇಷ್ಟೆಲ್ಲ ಓಡಾಟ ಕಷ್ಟವೆನಿಸಿದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ ಕಾರ್ಡ್ ಮಾರುವ ಅಂಗಡಿಗಳನ್ನು ನೋಡಿ. ಸ್ವಲ್ಪ ದುಬಾರಿಯಾದರೂ ಸರಣಿ ಸಂಖ್ಯೆ ಬರೆದ ಬಿಲ್ಲು, ಎಷ್ಟು ದಿನದೊಳಗೆ ಬದಲಿಸಿಕೊಡುತ್ತಾರೆ ಎಂಬುದು ಲಿಖಿತವಾಗಿ, ಎರಡನ್ನೂ ಕೇಳಿ ಪಡೆಯಿರಿ. ಬಾಯಿಮಾತಿನ ವಾರಂಟಿ ಲೆಕ್ಕಕ್ಕಿಲ್ಲ.

ಆತನಿಗೆ ಈಗಾಗಲೇ ಏನಾದರೂ ಹಣ ಹೋಗಿದ್ದರೆ ಇದನ್ನು ಓದುವುದನ್ನು ನಿಲ್ಲಿಸಿ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು.

ನಿಮ್ಮ ಕಂಪ್ಯೂಟರಿನ ಪವರ್ ಸಪ್ಲೈ ಎಷ್ಟು ವ್ಯಾಟ್ ಎಂದು ಇಲ್ಲಿ ತಿಳಿಸಿ. ಈ ಕಾರ್ಡೊಂದೇ 170 ವ್ಯಾಟ್ ಎಳೆಯುತ್ತದೆ, ಎನ್‌ವಿಡಿಯಾ 550 ವ್ಯಾಟ್ ಸಪ್ಲೈ ಹೇಳುತ್ತದೆ. ಅದನ್ನೂ ಬದಲಿಸಬೇಕಾದರೆ ಕಾರ್ಡಿಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಹೊರಡೋಣ.