ಕೆಂಪು ವೈರ್ ಯಾವ ತೂತಿನಲ್ಲಿದೆ?

ಮಲ್ಟಿಮೀಟರ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಪತ್ರಗಳು ಚೆನ್ನಾಗಿಯೇ ಬಂದಿವೆ. ಕೆಲವರು ಬರೆಯುವ ಗೋಜಿಗೆ ಹೋಗದೆ ಹಾಸನದ ನನ್ನ ರಿಪೇರಿ ಅಂಗಡಿಗೇ ಮೀಟರ್ ಹಿಡಿದುಕೊಂಡು ಬಂದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಹೋಗಿದೆ. ಹೋಗಲಿ, ಅದು ಜೀವದ ವಿಷಯ.

ಪ್ರಶ್ನೆ: ಮೇಡಂ, ತೋಟದ ಪಂಪ್‌ಸೆಟ್ ಸ್ಟಾರ್ಟರ್ ನೋಡುವಾಗ ನನ್ನ ಮೀಟರಿನ ಫ್ಯೂಸ್ ಹೋಯಿತು. ಒಳಗಿದ್ದದ್ದು ಬಿಳಿ ಪಿಂಗಾಣಿ ಫ್ಯೂಸ್. ಅಂಥದ್ದು ಇಲ್ಲಿ ಸಿಗಲಿಲ್ಲ. ವೈರಿಂಗ್ ಹುಡುಗ ಗಾಜಿನ ಫ್ಯೂಸ್ ಹಾಕಿಕೊಟ್ಟು ‘ಇದೂ 10 ಆಂಪಿಯರೇ’ ಎಂದ. ಮೀಟರ್ ಈಗ ಸರಿಯಾಗಿ ತೋರಿಸುತ್ತಿದೆ. ಹೀಗೇ ಬಳಸಬಹುದಾ?
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಬೇಡ. ಇವತ್ತೇ ಆ ಫ್ಯೂಸ್ ತೆಗೆದಿಡಿ.

ಹುಡುಗ ಹೇಳಿದ್ದು ಅರ್ಧ ಸರಿ. 10 ಆಂಪಿಯರ್ ಎಂದರೆ ಫ್ಯೂಸು ಸುಡದೆ ಎಷ್ಟು ಕರೆಂಟ್ ಹೊರುತ್ತದೆ ಎಂಬ ಲೆಕ್ಕ. ದೊಡ್ಡ ಶಾರ್ಟ್ ಆದಾಗ ಆ ಕರೆಂಟನ್ನು ಕಡಿದು ನಿಲ್ಲಿಸುವ ತಾಕತ್ತು ಬೇರೆಯೇ ಲೆಕ್ಕ. ಮಾಮೂಲಿ 20 ಮಿ.ಮೀ. ಉದ್ದದ ಗಾಜಿನ ಫ್ಯೂಸ್ 250 ವೋಲ್ಟಿನದು. 10 ಆಂಪಿಯರಿನ ಅಂಥ ಫ್ಯೂಸ್ ಕಡಿಯಬಲ್ಲದ್ದು ಸುಮಾರು 100 ಆಂಪಿಯರ್. ನಿಮ್ಮ ಸ್ಟಾರ್ಟರಿನಲ್ಲಿ ಇರುವುದು 415 ವೋಲ್ಟ್. ಟಿಸಿ (ಕಂಬದ ಟ್ರಾನ್ಸ್‌ಫಾರ್ಮರ್) ಹತ್ತಿರವಿದ್ದರೆ ಶಾರ್ಟ್ ಆದಾಗ ಸಾವಿರ ಆಂಪಿಯರ್ ದಾಟಿ ಹರಿಯಬಹುದು. ಒಳಗಿನ ತಂತಿ ಕರಗುತ್ತದೆ, ನಿಜ. ಆದರೆ ಕರಗಿದ ಜಾಗದಲ್ಲಿ ಕಿಡಿ ಹೊತ್ತಿಕೊಂಡು ಕರೆಂಟ್ ಅದರ ಮೂಲಕವೇ ಹರಿಯುತ್ತದೆ. ಗಾಜು ಸಿಡಿಯುತ್ತದೆ. ಅದೆಲ್ಲ ಆಗುವುದು ನಿಮ್ಮ ಅಂಗೈಯೊಳಗೆ.

ಪಿಂಗಾಣಿ ಫ್ಯೂಸಿನೊಳಗೆ ಮರಳು ತುಂಬಿರುತ್ತಾರೆ. ಕಿಡಿಯ ಬಿಸಿಯನ್ನು ಆ ಮರಳು ಹೀರಿಕೊಂಡು, ಕರಗಿ, ಕಿಡಿಯನ್ನು ಅಲ್ಲೇ ಉಸಿರುಕಟ್ಟಿಸುತ್ತದೆ. ಒಳ್ಳೆ ಮೀಟರುಗಳಲ್ಲಿ ಇರುವ 600 ಅಥವಾ 1000 ವೋಲ್ಟಿನ ಫ್ಯೂಸುಗಳು 10,000 ಆಂಪಿಯರನ್ನೂ, ಅದಕ್ಕಿಂತ ಜಾಸ್ತಿಯನ್ನೂ ಕಡಿಯುತ್ತವೆ. ಅದಕ್ಕೇ ಒಂದೊಂದಕ್ಕೆ ನೂರಾರು ರೂಪಾಯಿ. ಮೀಟರಿನ ಪುಸ್ತಕದಲ್ಲಿ ಆಂಪಿಯರ್, ವೋಲ್ಟ್, ಉದ್ದ ಎಲ್ಲ ಬರೆದಿರುತ್ತದೆ. ಅದನ್ನೇ ತರಿಸಿ, ಎರಡು ತರಿಸಿ. ಬರುವವರೆಗೆ ಸ್ಟಾರ್ಟರಿನ ಹತ್ತಿರ ಆ ಮೀಟರ್ ಒಯ್ಯಬೇಡಿ.

ಇನ್ನು ನೀವು ಕೇಳದ ಪ್ರಶ್ನೆ: ಫ್ಯೂಸ್ ಹೋಗಿದ್ದೇಕೆ? ವೋಲ್ಟೇಜ್ ನೋಡುವಾಗ ಕರೆಂಟ್ ಆ ಫ್ಯೂಸಿನ ಮೂಲಕ ಹೋಗುವುದೇ ಇಲ್ಲ. ಅಂದರೆ ಕೆಂಪು ವೈರ್ 10 ಆಂಪಿಯರಿನ ತೂತಿನಲ್ಲಿತ್ತು. ಹಿಂದೆ ಯಾವಾಗಲೋ ಬ್ಯಾಟರಿ ಚಾರ್ಜರಿನ ಕರೆಂಟ್ ಅಳೆದು ಹಾಗೇ ಬಿಟ್ಟಿರುತ್ತೀರಿ. ಆ ತೂತಿನಿಂದ ಕಪ್ಪು ವೈರಿನ ತೂತಿಗೆ ಒಳಗೆ ದಪ್ಪ ತಂತಿಯೊಂದು ಬಾಗಿ ಹೋಗಿರುತ್ತದೆ. ಅದರ ಓಮ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಹೆಚ್ಚುಕಮ್ಮಿ ಸೊನ್ನೆ. ನಾಬನ್ನು ವೋಲ್ಟಿಗೇ ತಿರುಗಿಸಿದ್ದರೂ ಅಷ್ಟೇ, ತೂತು ತಪ್ಪಿದರೆ ಎರಡು ಫೇಸಿನ ನಡುವೆ ಸರಳು ಇಟ್ಟಂತೆ. ನನ್ನ ಮೇಜಿಗೆ ಬರುವ ಸುಟ್ಟ ಮೀಟರುಗಳಲ್ಲಿ ಹೆಚ್ಚಿನವುಗಳ ಕಥೆ ಇದೇ.

ಆಲೂರಿನ ಕಡೆಯಿಂದ ಬಂದ ಒಂದು ಮೀಟರ್ ಈಗಲೂ ಅಂಗಡಿಯ ಕಪಾಟಿನಲ್ಲಿದೆ. ಫ್ಯೂಸ್ ಇರಬೇಕಾದ ಜಾಗದಲ್ಲಿ ಯಾರೋ ತಾಮ್ರದ ಎಳೆ ಸುತ್ತಿದ್ದರು. ಸ್ಕ್ರೂ ಬಿಚ್ಚಿ ಹಿಂದಿನ ಮುಚ್ಚಳ ತೆಗೆದರೆ ಎಳೆ ಇರಲೇ ಇಲ್ಲ. ಆವಿಯಾಗಿ ಮುಚ್ಚಳದ ಒಳಗೆ ಕಂದು ಬಣ್ಣಕ್ಕೆ ಮೆತ್ತಿಕೊಂಡಿತ್ತು. ಬೋರ್ಡಿನ ತಾಮ್ರದ ಗೆರೆ ಎದ್ದು ಸುರುಳಿಯಾಗಿತ್ತು. ಕಪ್ಪು ಪ್ರೋಬಿನ ಲೋಹದ ತುದಿ ಅರ್ಧಕ್ಕೆ ಕರಗಿತ್ತು. ಹಿಡಿದವರಿಗೆ ಬೆರಳು ಸುಟ್ಟದ್ದು ಬಿಟ್ಟರೆ ಏನೂ ಆಗಲಿಲ್ಲ. ಫ್ಯೂಸ್ ಜಾಗಕ್ಕೆ ತಂತಿ ಕಟ್ಟಿಕೊಡಿ ಎಂದು ಯಾರಾದರೂ ಕೇಳಿದರೆ ನಾನು ಮಾತಾಡುವುದಿಲ್ಲ, ಇದನ್ನು ಕೈಗೆ ಕೊಡುತ್ತೇನೆ.

ಆಂಪಿಯರ್ ನೋಡಿ ಮುಗಿದ ಕೂಡಲೇ ಕೆಂಪು ವೈರನ್ನು ವೋಲ್ಟಿನ ತೂತಿಗೆ ಹಾಕಿಟ್ಟೇ ಬೇರೆ ಕೆಲಸ. ಮೋಟಾರಿನ ಕರೆಂಟ್ ನೋಡುವುದಕ್ಕೆ ಈ ತೂತು ಬೇಡವೇ ಬೇಡ, ತಂತಿಯನ್ನು ಹೊರಗಿನಿಂದಲೇ ಸುತ್ತಿ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರ್ ತೆಗೆದುಕೊಳ್ಳಿ.

ಪ್ರಶ್ನೆ: ನಮ್ಮ ಮನೆಯ ಪ್ಲಗ್ಗಿನಲ್ಲಿ ಮೀಟರ್ ಇಟ್ಟರೆ 268 ವೋಲ್ಟ್ ತೋರಿಸುತ್ತದೆ. ಟಿ.ವಿ., ಫ್ರಿಜ್ ಹಾಳಾಗುತ್ತವಾ? ಲೈನ್‌ಮ್ಯಾನ್‌ಗೆ ಹೇಳಲಾ?
– ಶಿಕ್ಷಕಿ, ಬೇಲೂರು

ಉತ್ತರ: ಮೊದಲು ಮೀಟರಿನ ಬ್ಯಾಟರಿ ಬದಲಾಯಿಸಿ, ಟೀಚರ್. ಅಗ್ಗದ ಮೀಟರುಗಳಲ್ಲಿ 9 ವೋಲ್ಟಿನ ಬ್ಯಾಟರಿ ಇಳಿದಾಗ ಅಂಕಿ ಇಳಿಯುವುದಿಲ್ಲ, ಏರುತ್ತದೆ. ಮೀಟರ್ ಒಳಗೆ ಹೋಲಿಸಿ ನೋಡುವ ವೋಲ್ಟೇಜೇ ಕುಸಿದಿರುತ್ತದೆ, ಅದರ ಎದುರು ಹೊರಗಿನದು ದೊಡ್ಡದಾಗಿ ಕಾಣುತ್ತದೆ. ಪರದೆಯ ಮೂಲೆಯಲ್ಲಿ ಬ್ಯಾಟರಿ ಚಿತ್ರ ಮೂಡಿದ್ದರೆ ಆ ಮೀಟರಿನ ಮಾತನ್ನು ನಂಬಬೇಡಿ.

ಹೊಸ ಬ್ಯಾಟರಿಯಲ್ಲೂ ಸ್ವಲ್ಪ ಆಚೀಚೆ ಸಹಜ. ಇಂಥ ಮೀಟರಿನ ಪುಸ್ತಕದಲ್ಲಿ ಎಸಿ ವೋಲ್ಟಿಗೆ ಶೇ. 1.2 ಮತ್ತು 10 ಅಂಕಿ (ಪರದೆಯ ಕೊನೆಯ ಅಂಕಿಯಲ್ಲಿ 10, ಇಲ್ಲಿ 10 ವೋಲ್ಟ್) ವ್ಯತ್ಯಾಸ ಎಂದು ಬರೆದಿರುತ್ತಾರೆ. 230 ವೋಲ್ಟಿಗೆ ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ 13 ವೋಲ್ಟ್. ಹಾಗಾಗಿ 240 ಕಂಡರೆ ಗಾಬರಿ ಬೇಡ.

ಆದರೆ ಹೊಸ ಬ್ಯಾಟರಿಯಲ್ಲೂ 268, ಪಕ್ಕದ ಮನೆಯವರ ಮೀಟರಿನಲ್ಲೂ 268 ಅಂದರೆ ವಿಷಯ ಬೇರೆ. ಲೈಟುಗಳು ಒಂದು ಕಡೆ ಜೋರಾಗಿ ಉರಿದು ಇನ್ನೊಂದು ಕಡೆ ಮಂಕಾಗುತ್ತಿದ್ದರಂತೂ ನ್ಯೂಟ್ರಲ್ ಸಡಿಲವಾಗಿದೆ ಎಂದೇ ಅನುಮಾನಿಸಬೇಕು. ಮೇನ್ ಆಫ್ ಮಾಡಿ ಲೈನ್‌ಮ್ಯಾನ್‌ಗೆ ಫೋನ್ ಮಾಡಿ. ಕಂಬದ ಹತ್ತಿರ ನೀವು ಏನೂ ನೋಡಲು ಹೋಗಬೇಡಿ.

ಪ್ರಶ್ನೆ: ಬೋರ್‌ವೆಲ್ ಮೋಟಾರ್ ಗುಂಯ್ ಅನ್ನುತ್ತೆ, ಎದ್ದೇಳಲ್ಲ. ಮೀಟರಿನಲ್ಲಿ ನೋಡಿದರೆ ಎರಡು ಫೇಸ್ ಸರಿಯಾಗಿವೆ, ಮೂರನೆಯದು ನ್ಯೂಟ್ರಲ್‌ಗೆ 90 ವೋಲ್ಟ್ ತೋರಿಸುತ್ತೆ. ಅದು ಇದೆಯಾ, ಇಲ್ವಾ?
– ತೆಂಗು ಬೆಳೆಗಾರರು, ಅರಸೀಕೆರೆ

ಉತ್ತರ: ಇಲ್ಲ ಎಂದೇ ನನ್ನ ಊಹೆ. ಆದರೆ ಊಹೆಯ ಮೇಲೆ ತಂತಿ ಮುಟ್ಟಬಾರದು.

ಡಿಜಿಟಲ್ ಮೀಟರ್ ತಂತಿಯಿಂದ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಒಳ್ಳೆಯದರೊಳಗೆ 10 ಮೆಗಾಓಮ್ಸ್, ಅಂದರೆ ಒಂದು ಕೋಟಿ ಓಮ್ಸ್, ತಡೆ ಇರುತ್ತದೆ. ಒಂದು ತಂತಿ ಎಲ್ಲೋ ಕಡಿದಿದ್ದು, ಉಳಿದ ಎರಡು ಜೀವಂತ ತಂತಿಗಳ ಜೊತೆ ಒಂದೇ ಕೇಬಲಿನಲ್ಲಿ ಉದ್ದಕ್ಕೂ ಬಂದಿದ್ದರೆ, ಪಕ್ಕದವುಗಳ ಪ್ರಭಾವದಿಂದ ಅದರಲ್ಲೂ ಒಂದಿಷ್ಟು ವೋಲ್ಟೇಜ್ ಕಾಣುತ್ತದೆ. ನಮ್ಮಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದ ಕಾಲದ ಮುಳ್ಳಿನ ಮೀಟರುಗಳು ಸ್ವಲ್ಪ ಕರೆಂಟ್ ಎಳೆಯುತ್ತಿದ್ದವು, ಇಂಥ ಸುಳ್ಳು ವೋಲ್ಟೇಜ್ ಅವುಗಳಲ್ಲಿ ಅಷ್ಟಾಗಿ ನಿಲ್ಲುತ್ತಿರಲಿಲ್ಲ.

ಪತ್ತೆ ಹಚ್ಚಲು ಬಲ್ಬ್ ಸಾಕು. ಜಾಲರಿ ಇರುವ ಹೋಲ್ಡರಿನಲ್ಲಿ ಹಳೇ ತಂತಿಯ ಬಲ್ಬ್ ಹಾಕಿ, ಆ ಫೇಸಿಗೂ ನ್ಯೂಟ್ರಲ್‌ಗೂ ಹಿಡಿಯಿರಿ. ಎಲ್‌ಇಡಿ ಬೇಡ, ಅದು ಸುಳ್ಳು ವೋಲ್ಟೇಜಿಗೂ ಮಿಣುಕುತ್ತದೆ. ಎರಡು ಫೇಸಿನ ನಡುವೆ ಒಂದೇ ಬಲ್ಬ್ ಹಿಡಿಯಬೇಡಿ, 415ಕ್ಕೆ ಸಿಡಿಯುತ್ತದೆ. ಬಲ್ಬ್ ಹಿಡಿದಾಗ ಮೀಟರಿನ 90 ಸೊನ್ನೆಗೆ ಬಿದ್ದರೆ ಆ ಫೇಸ್ ಇಲ್ಲ. ಬಲ್ಬ್ ಮಂಕಾಗಿ ಉರಿದರೆ ಕಥೆ ಬೇರೆ. ಟಿಸಿ ಮೇಲೆ 11 ಕೆವಿ (11,000 ವೋಲ್ಟ್) ಕಡೆಯ ಒಂದು ಫ್ಯೂಸ್ ಹೋದಾಗ ಕೆಳಗೆ ಎರಡು ಫೇಸ್ ಅರ್ಧಕ್ಕೆ ಇಳಿದು, ಒಂದು ಮಾತ್ರ ಪೂರ್ತಿ ಉಳಿಯುತ್ತದೆ. ಆಗ 100–115 ವೋಲ್ಟ್ ನಿಜವಾಗಿಯೂ ಇರುತ್ತದೆ. ನಿಮ್ಮಲ್ಲಿ ಎರಡು ಫೇಸ್ ಪೂರ್ತಿ ಇವೆ, ಆದ್ದರಿಂದ ಅದು ಅಲ್ಲ ಅನಿಸುತ್ತದೆ.

ಈ ಪರೀಕ್ಷೆಯನ್ನೆಲ್ಲ ಮೋಟಾರ್ ಆಫ್ ಇರುವಾಗ, ಸ್ಟಾರ್ಟರಿಗೆ ಲೈನ್ ಬರುವ ಕಡೆ ಮಾಡಬೇಕು. ತಿರುಗುತ್ತಿರುವ ಮೋಟಾರಿನ ಒಂದು ಫೇಸ್ ಹೋದರೆ ಮೋಟಾರೇ ಆ ತಂತಿಗೆ ವೋಲ್ಟೇಜ್ ಹುಟ್ಟಿಸಿ ಕೊಡುತ್ತದೆ. ಮೀಟರ್ ಮೂರೂ ಸರಿ ಅನ್ನುತ್ತದೆ, ಕೆಳಗೆ ವೈಂಡಿಂಗ್ ಬೇಯುತ್ತಿರುತ್ತದೆ. ಎರಡೇ ಫೇಸ್ ಬರುವ ಹೊತ್ತಿನಲ್ಲಿ ಓಡಿಸಲು ಕಂಡೆನ್ಸರ್ ಕಟ್ಟಿಸಿಕೊಂಡಿದ್ದೀರಾ? ನಿಮ್ಮ ಕಡೆ ಅದು ಮಾಮೂಲು. ಹಾಗಿದ್ದರೆ ಮೊದಲು ಅದನ್ನು ಬಿಡಿಸಿ. ಅದು ಲೈನಿಗೆ ಸೇರಿರುವಷ್ಟು ಹೊತ್ತು ಇಲ್ಲದ ಫೇಸೂ ಇರುವಂತೆ ಕಾಣುತ್ತದೆ. ಲೈನ್ ತೆಗೆದ ಮೇಲೂ ಅದರೊಳಗೆ ಚಾರ್ಜ್ ಉಳಿದಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.

ಪ್ರಶ್ನೆ: ಮಳೆಗಾಲ ಬಂತೆಂದರೆ ನನ್ನ ಮೀಟರಿನ 8 ಕೆಲವೊಮ್ಮೆ 6ರ ಥರ, ಕೆಲವೊಮ್ಮೆ 3ರ ಥರ ಕಾಣುತ್ತದೆ. ನಾಬ್ ಅಲ್ಲಾಡಿಸಿದರೆ ಅಂಕಿ ಕುಣಿಯುತ್ತದೆ. ಎಸೆಯುವುದಾ?
– ಓದುಗರು, ಮೂಡಿಗೆರೆ

ಉತ್ತರ: ಎಸೆಯಬೇಡಿ. ನಿಮ್ಮೂರಿನ ಜುಲೈ ತೇವಕ್ಕೆ ಮನುಷ್ಯರೇ ಬೂಸ್ಟು ಹಿಡಿಯುತ್ತಾರೆ, ಮೀಟರಿನದೇನು ತಪ್ಪು?

ಎರಡೂ ವೈರನ್ನು ಕಿತ್ತು ಪಕ್ಕಕ್ಕಿಟ್ಟು ಹಿಂಬದಿ ಬಿಚ್ಚಿ. ಬ್ಯಾಟರಿ ತೆಗೆಯಿರಿ. ಪರದೆಗೂ ಬೋರ್ಡಿಗೂ ನಡುವೆ ರಬ್ಬರಿನಂಥ ಒಂದು ಪಟ್ಟಿ ಇರುತ್ತದೆ. ಅಂಚನ್ನು ಹತ್ತಿರದಿಂದ ನೋಡಿದರೆ ಕಪ್ಪು ಬಿಳುಪು ಗೆರೆಗಳು ಕಾಣುತ್ತವೆ. ಕಪ್ಪು ಗೆರೆಗಳೇ ಅಂಕಿಗಳಿಗೆ ಕರೆಂಟ್ ಒಯ್ಯುವುದು. ಅದಕ್ಕೆ ಧೂಳು, ಬೆರಳಿನ ಜಿಡ್ಡು ಕೂತರೆ ಅಂಕಿಯ ಕಾಲು ಕೈ ಮಾಯ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಪಟ್ಟಿಯ ಎರಡೂ ಅಂಚು, ಅದು ಕೂರುವ ಬೋರ್ಡಿನ ಚಿನ್ನದ ಬಣ್ಣದ ಗೆರೆಗಳು, ನಾಬ್ ಕೆಳಗಿನ ದುಂಡು ಗೆರೆಗಳು ಎಲ್ಲವನ್ನೂ ಒರೆಸಿ. ಪೆಟ್ರೋಲ್, ಥಿನ್ನರ್ ತಗುಲಿದರೆ ಪ್ಲಾಸ್ಟಿಕ್ ಹಾಳು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆದರೆ ಜಿಡ್ಡು ಉಳಿದು ಮೊದಲಿಗಿಂತ ಕಷ್ಟ. ನಾಬ್ ಎತ್ತುವಾಗ ಕೆಳಗೊಂದು ಬಟ್ಟೆ ಹಾಸಿಕೊಳ್ಳಿ. ಟಕ್ ಟಕ್ ಅಂತ ಕೂರುವುದಕ್ಕೆ ಪುಟ್ಟ ಸ್ಪ್ರಿಂಗ್, ಅದರ ಮೇಲೆ ಸ್ಟೀಲಿನ ಗುಂಡು ಇರುತ್ತದೆ. ಹಾರಿದರೆ ಮಂಚದ ಕೆಳಗೆ ಹುಡುಕಬೇಕು. ಬೋರ್ಡಿನ ಮೇಲೆ ಪುಟ್ಟ ತಿರುಗಣಿ ಕಂಡರೆ ಸ್ಕ್ರೂ ಡ್ರೈವರ್ ಹಾಕಬೇಡಿ. ಅಂಕಿ ಸರಿಹೊಂದಿಸುವುದು ಅಲ್ಲೇ, ಅಂದಾಜಿನಲ್ಲಿ ತಿರುಗಿಸಿದರೆ ಮೀಟರ್ ಜನ್ಮಕ್ಕೂ ಸುಳ್ಳು ಹೇಳುತ್ತದೆ.

ಪೂರ್ತಿ ಒಣಗಿಸಿ ಮುಚ್ಚಿ. ಬಳಸದ ತಿಂಗಳುಗಳಲ್ಲಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಪ್ರಶ್ನೆ: ಆನೆ ಬಾರದಂತೆ ತೋಟಕ್ಕೆ ಸೋಲಾರ್ ಬೇಲಿ ಹಾಕಿಸಿದ್ದೇವೆ. ಪವರ್ ಇದೆಯಾ ಅಂತ ಮಲ್ಟಿಮೀಟರಿನಲ್ಲಿ ನೋಡಬಹುದಾ?
– ಓದುಗರು, ಆಲೂರು

ಉತ್ತರ: ಖಂಡಿತ ಬೇಡ. ಬೇಲಿಯಲ್ಲಿ ಓಡುವುದು ಸಾವಿರಗಟ್ಟಲೆ ವೋಲ್ಟಿನ ಏಟು, ಸುಮಾರು ಸೆಕೆಂಡಿಗೊಂದು. ಪ್ರತಿ ಏಟೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕದು. ನಿಮ್ಮ ಮೀಟರ್ 600 ಅಥವಾ 1000 ವೋಲ್ಟಿನದು. ಸರಿಯಾದ ಅಂಕಿಯೂ ಸಿಗುವುದಿಲ್ಲ, ಮೀಟರೂ ಉಳಿಯುವುದಿಲ್ಲ. ಬೇಲಿ ಟೆಸ್ಟರ್ ಅಂತಲೇ ಬೇರೆ ಸಿಗುತ್ತದೆ, ಒಂದು ಕಡ್ಡಿ ನೆಲಕ್ಕೆ ಚುಚ್ಚಿ ಇನ್ನೊಂದನ್ನು ತಂತಿಗೆ ತಾಗಿಸುವುದು. ಬೇಲಿ ಯಂತ್ರದ ಸ್ವಿಚ್ ಆಫ್ ಮಾಡಿ 12 ವೋಲ್ಟಿನ ಬ್ಯಾಟರಿಯನ್ನು ಮಾತ್ರ ಮಲ್ಟಿಮೀಟರಿನಲ್ಲಿ ನೋಡಬಹುದು. ಇನ್ನೊಬ್ಬರು ಮನೆ ಕರೆಂಟನ್ನೇ ಬೇಲಿಗೆ ಕೊಡುವ ಬಗ್ಗೆ ಕೇಳಿದ್ದಾರೆ. ಅದು ಅಪರಾಧ. ಆನೆಯೂ ಸಾಯುತ್ತದೆ, ಹುಲ್ಲಿಗೆ ಬಂದ ಮನುಷ್ಯರೂ ಸಾಯುತ್ತಾರೆ.

ಪ್ರಶ್ನೆ: ಮೇಡಂ, ನಾನು ಎಲೆಕ್ಟ್ರಿಷಿಯನ್ ಟ್ರೇಡ್ ಓದುತ್ತಿದ್ದೇನೆ. 300 ರೂಪಾಯಿಯ ಹಳದಿ ಮೀಟರ್ ಮೇಲೂ 1000 ವೋಲ್ಟ್ ಅಂತ ಇದೆ. ಸಾವಿರಾರು ರೂಪಾಯಿಯದರ ಮೇಲೆ 600 ಅಂತ ಇದೆ. ಯಾಕೆ ಜಾಸ್ತಿ ಕೊಡಬೇಕು?
– ಐಟಿಐ ವಿದ್ಯಾರ್ಥಿ, ಹಾಸನ

ಉತ್ತರ: ಒಳ್ಳೆ ಪ್ರಶ್ನೆ ಕಣಪ್ಪಾ. ವೋಲ್ಟಿನ ಪಕ್ಕದಲ್ಲಿ ಕ್ಯಾಟ್ (CAT, ಅಂದರೆ ವರ್ಗ) ಅಂತ ಬರೆದು ರೋಮನ್ ಅಂಕಿ ಇರುತ್ತದೆ, ಅದನ್ನು ನೋಡು. ಕ್ಯಾಟ್ 2 ಅಂದರೆ ಪ್ಲಗ್ಗಿಗೆ ಸಿಕ್ಕಿಸುವ ಸಾಮಾನುಗಳಿಗೆ. ಕ್ಯಾಟ್ 3 ಕರೆಂಟ್ ಹಂಚುವ ಡಿಬಿ ಬಾಕ್ಸ್, ಮೂರು ಫೇಸ್ ಮೋಟಾರಿಗೆ. ಕ್ಯಾಟ್ 4 ಕಂಬದಿಂದ ಬರುವ ಲೈನ್, ಮನೆಯ ಕರೆಂಟ್ ಮೀಟರಿನವರೆಗೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಲೈನಿನ ಮೇಲೆ ಕ್ಷಣಮಾತ್ರದ ಭಾರಿ ವೋಲ್ಟೇಜ್ ಬರುತ್ತದಲ್ಲ, ಅದನ್ನು ತಡೆಯುವ ಶಕ್ತಿ ಇದು. 1000 ವೋಲ್ಟಿನ ಕ್ಯಾಟ್ 2, 600 ವೋಲ್ಟಿನ ಕ್ಯಾಟ್ 3 – ಎರಡಕ್ಕೂ ಪರೀಕ್ಷೆಯ ಏಟು 6000 ವೋಲ್ಟೇ. ಆದರೆ ಕ್ಯಾಟ್ 2ಕ್ಕೆ 12 ಓಮ್ಸ್ ಮೂಲಕ ಹೊಡೆಯುತ್ತಾರೆ, ಕ್ಯಾಟ್ 3ಕ್ಕೆ 2 ಓಮ್ಸ್ ಮೂಲಕ. ಓಮ್‌ನ ನಿಯಮ ಹಾಕು: ಒಂದರಲ್ಲಿ 500 ಆಂಪಿಯರ್, ಇನ್ನೊಂದರಲ್ಲಿ 3000. ಈಗ ಯಾವುದು ಗಟ್ಟಿ?

ಹಳದಿ ಮೀಟರನ್ನು ಬ್ಯಾಟರಿ, ಸೆಲ್ಲು, ಬೋರ್ಡ್ ಕಲಿಯಲು ಇಟ್ಟುಕೋ. ಅದರ 10 ಆಂಪಿಯರಿನ ತೂತಿನ ಪಕ್ಕ ಫ್ಯೂಸ್ ಇಲ್ಲ ಅಂತ ಅದೇ ಬರೆದುಕೊಂಡಿರುತ್ತದೆ, ಓದು. ಕೆಲಸಕ್ಕೆ ಇಳಿದಾಗ 600 ವೋಲ್ಟ್ ಕ್ಯಾಟ್ 3ಕ್ಕಿಂತ ಕಡಿಮೆಯದು ಬೇಡ. ವೈರಿನ ಮೇಲೂ ಅದೇ ಗುರುತು ಇರಬೇಕು. ಒಳ್ಳೆ ಮೀಟರಿಗೆ ಸಂತೆಯ ವೈರ್ ಸಿಕ್ಕಿಸಿದರೆ ಎಲ್ಲ ಸಂತೆಯದೇ.

ಲೈನ್ ಆಫ್ ಆಗಿದೆಯಾ ಅಂತ ನೋಡುವಾಗ ಮೊದಲು ಜೀವ ಇರುವ ಪ್ಲಗ್ಗಿನಲ್ಲಿ ಮೀಟರ್ ನೋಡು, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಅದೇ ಪ್ಲಗ್ಗಿನಲ್ಲಿ. ನಡುವೆ ಮೀಟರೇ ಸತ್ತಿದ್ದರೆ ಸೊನ್ನೆ ತೋರಿಸುತ್ತದಲ್ವಾ? ಕಪ್ಪು ಮೊದಲು ಇಡು, ಕೆಂಪು ಮೊದಲು ತೆಗೆ. ಬೆರಳು ಪ್ರೋಬಿನ ಉಬ್ಬಿನ ಹಿಂದೆಯೇ ಇರಲಿ. ಬೆಳಿಗ್ಗೆ ಹೊರಡುವ ಮೊದಲು ಓಮ್ಸ್‌ಗೆ ಇಟ್ಟು ಎರಡೂ ತುದಿ ತಾಗಿಸಿ, ವೈರಿನ ಕತ್ತನ್ನು ಬಗ್ಗಿಸಿ ನೋಡು. ಅರ್ಧ ಓಮ್ಸ್ ಒಳಗೆ ನಿಂತರೆ ಸರಿ, ಅಂಕಿ ಜಿಗಿದರೆ ಒಳಗೆ ಎಳೆ ಹರಿದಿದೆ. ಅದಕ್ಕೆ ಟೇಪ್ ಸುತ್ತಬೇಡ, ಹೊಸ ವೈರ್ ತಗೋ.