ಅಮೃತಾ ಶೇರ್‌ಗಿಲ್ ಲೇಖನ ಓದಿದೆ, ಒಂದಿಷ್ಟು ನೇರ ಮಾತು

ನಮಸ್ಕಾರ ತಂಗಿ, ಬಾಗಲಕೋಟಿಯಿಂದ ನೀವು ಕಳಿಸಿದ, ಪೇಂಟರ್ ಅಮೃತಾ ಶೇರ್‌ಗಿಲ್ ಬಗ್ಗೆ ಬರದ ಲೇಖನ ಪೂರ್ತಿ ಓದಿದೆ. ಈಗಿರೋ ಹಂಗ ನಮ್ಮ ಪತ್ರಿಕೆಯೊಳಗ ಹಾಕಾಕ ಆಗಂಗಿಲ್ಲ. ನಿಮಗ ಬರಿಯಾಕ ಬರ್ತೈತಿ, ಅದಕ್ಕ ಯಾಕ ಅಂತ ಬಿಡಿಸಿ ಹೇಳ್ತೀನಿ.

ಯುರೋಪು ಪಿಕಾಸೊ, ಮಾತಿಸ್, ಬ್ರಾಕ್ ಅನ್ನೋ ಪೇಂಟರ್‌ಗಳದು, ಭಾರತ ನನ್ನೊಬ್ಬಾಕಿದು ಅಂತ ಆಕಿ ಹೇಳಿದ ಮಾತಿನಿಂದ ಶುರು ಮಾಡೀರಿ. ಎಲ್ಲಾರೂ ಅಲ್ಲಿಂದನ ಚಾಲೂ ಮಾಡ್ತಾರ, ತೆಗೀರಿ ಅದನ್ನ. ಆಮ್ಯಾಲೆ ಆಕಿ ರೂಪ, ಪ್ರೇಮ, ವಿಕ್ಟರ್ ಜೋಡಿ ಮದುವಿ, 1941ರಾಗ ಲಾಹೋರ್‌ದಾಗ ಬರೇ 28ನೇ ವಯಸ್ಸಿಗೆ ತೀರಿಕೊಂಡದ್ದು ಹೆಂಗ ಅನ್ನೋ ಗುಮಾನಿ, ಇದಕ್ಕ ನಾಲ್ಕು ಪುಟ ಹೋಗ್ಯಾವು. ಚಿತ್ರಕ್ಕ? "ಮನಮೋಹಕ", "ಅದ್ಭುತ", ಮುಗೀತು. ಗಂಡಸು ಪೇಂಟರ್ ಬಗ್ಗೆ ಬರಿಯೋದಿದ್ರ ಅವನ ಮಾರಿ ಹೆಂಗಿತ್ತು ಅಂತ ಒಂದು ಪುಟ ಬರೀತಿದ್ರೇನು? ನನಗ ಖರೇನ ಸಂಕಟ ಆತು, ಅಷ್ಟು ಸಣ್ಣ ಆಯುಷ್ಯದಾಗ ಅಂಥಾ ಕೆಲಸ ಮಾಡಿದಾಕಿ ಆಕಿ.

ಒಂದು ದೊಡ್ಡ ತಪ್ಪೂ ಐತಿ. ಅಜಂತಾ ಗುಹೆಯ ಗ್ವಾಡಿಚಿತ್ರ ನೋಡಿ ಬಂದು "ಮೂವರು ಹುಡುಗಿಯರು" ಬರದ್ಲು ಅಂದೀರಿ. ಆಕಿ ಪ್ಯಾರಿಸ್‌ನಿಂದ ವಾಪಸ್ ಬಂದದ್ದು 1934ರ ಕೊನಿಗೆ, ಆ ಚಿತ್ರ 1935ರದು, ಅಜಂತಾ ನೋಡಿದ್ದು 1936ರ ಕೊನಿಗೆ. ತಾರೀಖು ತಪ್ಪಿದ್ರ ನಡೀತೈತಿ ಅನ್ನಬ್ಯಾಡ್ರಿ, ಇಲ್ಲಿ ಇಡೀ ಕಥಿನ ತಿರುವುಮುರುವು ಆಗ್ತೈತಿ. ಆ ಚಿತ್ರ ದೊಡ್ಡದು ಮಾಡಿಕೊಂಡು ನೋಡ್ರಿ: ಮೈಮ್ಯಾಲಿನ ಅರಿವಿ ಗಾಢ ಬಣ್ಣದ್ದು, ಆದ್ರ ಮೂವರ ಮಾರಿಮ್ಯಾಲೂ ಹುರುಪಿಲ್ಲ, ಒಬ್ಬರನ್ನೊಬ್ಬರು ನೋಡಂಗಿಲ್ಲ, ನಮ್ಮ ಕಡೆನೂ ನೋಡಂಗಿಲ್ಲ, ಹಿಂದ ಮನಿ ಇಲ್ಲ ಮಠ ಇಲ್ಲ. ಇದು ಅಜಂತಾಕ್ಕಿಂತ ಮೊದಲಿನ ಅಮೃತಾ. ಇದಕ್ಕನ 1937ರಾಗ ಬಾಂಬೆ ಆರ್ಟ್ ಸೊಸೈಟಿ ಚಿನ್ನದ ಪದಕ ಬಂತು. ಅದೇ ವರ್ಷ ದಕ್ಷಿಣ ತಿರುಗಾಡಿ ಹೋಗಿ ಬರದ "ಮದುಮಗಳ ಸಿಂಗಾರ" ಬಾಜೂಕ ಇಡ್ರಿ, ಗ್ವಾಡಿಚಿತ್ರದ ಗುಣ ಎಲ್ಲಿ ಒಳಗ ಬಂತು ಅನ್ನೋದು ನಿಮ್ಮ ಕಣ್ಣಿಗನ ಬೀಳ್ತೈತಿ. ಅದನ್ನ ಬರೀರಿ, ಲೇಖನ ಅಂದ್ರ ಅದ.

ಮೂಲ ಚಿತ್ರ ಬಹಳಷ್ಟು ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೊಳಗ ಅದಾವು, ಸದ್ಯಕ್ಕ ಹೋಗಾಕ ಆಗದಿದ್ರ ಛಲೋ ಪ್ರಿಂಟ್ ಹುಡುಕ್ರಿ. ಆದ್ರ ಬಾದಾಮಿ ನಿಮ್ಮ ಜಿಲ್ಲಾದಾಗನ ಐತಲ್ಲ, ಮೂರನೇ ಗುಹೆಯೊಳಗ, 578ರ ಶಾಸನ ಇರೋದು, ಮ್ಯಾಲೆ ಸೂರಿನ ಕೆಳಗ ಹಳೇ ಬಣ್ಣ ಅಷ್ಟಿಷ್ಟು ಉಳದೈತಿ, ಕತ್ತು ಎತ್ತಿ ಸಾವಕಾಶ ನೋಡ್ರಿ. ಹಳೇ ಗ್ವಾಡಿಯ ಬಣ್ಣ ಕಣ್ಣಾರೆ ನೋಡಿದ ಮ್ಯಾಲೆ ಅಜಂತಾ ಬಗ್ಗೆ ಬರಿಯೋ ಕೈನ ಬ್ಯಾರೆ ಇರ್ತೈತಿ.

ಮತ್ತ ಒಂದು ಜಾಗಾದಾಗ ನಾ ಓದೋದು ನಿಲ್ಲಿಸಿ ಮತ್ತೊಮ್ಮೆ ಓದಿದೆ. 1940ರ "ಅರಿಶಿಣ ಬೀಸುವವರು" ಚಿತ್ರದ ಹತ್ರ, ನಿಮ್ಮ ಅಜ್ಜಿ ಬೀಸಾಕ ಕುಂದ್ರುವಾಗ ಸೆರಗು ಹೆಂಗ ಬಿಗಿತಿದ್ಲು, ಉಗುರಿನ ಸಂದ್ಯಾಗ ಹಳದಿ ಎಷ್ಟು ದಿನ ಉಳೀತಿತ್ತು ಅಂತ ಬರದೀರಲ್ಲ, ಆ ನಾಲ್ಕು ಸಾಲು ಯಾರದೂ ಕಾಪಿ ಅಲ್ಲ. ಅಲ್ಲಿಂದನ ಶುರು ಮಾಡ್ರಿ, ಪ್ರೇಮಪುರಾಣ ಒಂದು ಪ್ಯಾರಾಕ್ಕ ಇಳಸ್ರಿ, ಎರಡೋ ಮೂರೋ ಚಿತ್ರ ಹಿಡದು ಬರದು ಮುಂದಿನ ತಿಂಗಳ ಸಂಚಿಕೆಗೆ ಕಳಸ್ರಿ, ನಾನ ಓದ್ತೀನಿ.