ಓದುಗರ ಪ್ರಶ್ನೆ, ನಮ್ಮ ಉತ್ತರ: ಈಸ್ಟರ್ ಹಬ್ಬಕ್ಕೆ ಮಕ್ಕಳಿಗೆ ಉಡುಗೊರೆ ಕೊಡಬೇಕೇ?

ಪ್ರಶ್ನೆ: ನಾವು ಮೂಲತಃ ಮಂಗಳೂರಿನ ಕಥೋಲಿಕ ಕುಟುಂಬದವರು, ಈಗ ಬೆಂಗಳೂರಿನಲ್ಲಿ ನೆಲೆಸಿದ್ದೇವೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಇಂಗ್ಲೆಂಡಿನಲ್ಲಿರುವ ನನ್ನ ನಾದಿನಿ ಪ್ರತಿ ಈಸ್ಟರ್‌ಗೂ ಆಟಿಕೆ, ಬಟ್ಟೆ, ಚಾಕೊಲೇಟ್ ಮೊಟ್ಟೆಗಳನ್ನು ತುಂಬಿದ ದೊಡ್ಡ ಪಾರ್ಸೆಲ್ ಕಳುಹಿಸುತ್ತಾರೆ. ಉಡುಗೊರೆ ಏನಿದ್ದರೂ ಕ್ರಿಸ್‌ಮಸ್‌ಗೆ, ಪಾಸ್ಖ (ಈಸ್ಟರ್) ಹಬ್ಬಕ್ಕೆ ಮಕ್ಕಳಿಗೆ ಏನನ್ನೂ ಕೊಡುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲ ಎಂಬುದು ಅತ್ತೆಯವರ ವಾದ. ಇದರ ನಡುವೆ ನನ್ನ ಪತಿ, ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತದ ಕಾಲ) ಮುಗಿಯುವವರೆಗೆ ಚಾಕೊಲೇಟ್ ಮತ್ತು ಮೊಬೈಲ್ ಆಟಗಳನ್ನು ಬಿಟ್ಟರೆ ಈಸ್ಟರ್‌ಗೆ ಸೈಕಲ್ ಕೊಡಿಸುವುದಾಗಿ ಮಗಳಿಗೆ ಮಾತು ಕೊಟ್ಟಿದ್ದಾರೆ. ನನಗೇನು ಕೊಡುತ್ತೀರಿ ಎಂದು ಮಗ ದಿನವೂ ಕೇಳುತ್ತಿದ್ದಾನೆ. ಯಾರ ಮಾತು ಸರಿ?

*(ಹೆಸರು ಪ್ರಕಟಿಸುವುದು ಬೇಡವೆಂದ ಓದುಗರು, ಬೆಂಗಳೂರು)*

ಉತ್ತರ: ಕೊಡಬಹುದು, ಆದರೆ ಚಿಕ್ಕದನ್ನು, ಸಾಧ್ಯವಾದರೆ ತಿಂದು ಮುಗಿಸಬಹುದಾದದ್ದನ್ನು, ಯಾವ ಷರತ್ತೂ ಇಲ್ಲದೆ ಕೊಡಬೇಕು. ಸೈಕಲ್ಲಿನ ವಿಷಯದಲ್ಲಿ ನಿಮ್ಮ ಪತಿಯವರ ಉದ್ದೇಶ ಒಳ್ಳೆಯದಾದರೂ ಅವರು ಹಿಡಿದ ದಾರಿ ಸರಿಯಿಲ್ಲ ಎಂಬುದು ನಮ್ಮ ಅಭಿಪ್ರಾಯ.

ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳಿದೆ. ಕ್ರಿಸ್‌ಮಸ್ ಉಡುಗೊರೆಗೆ ಹಬ್ಬದ ಕಥೆಯಲ್ಲಿಯೇ ಆಧಾರವಿದೆ. ಮೂಡಣ ದೇಶದ ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳಗಳನ್ನು ಹಿಡಿದು ಬಂದರು. ಈಸ್ಟರ್‌ನ ಮೂಲವಾದ ಪುನರುತ್ಥಾನದ, ಅಂದರೆ ಯೇಸು ಸತ್ತು ಮತ್ತೆ ಎದ್ದ ಕಥೆಯಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿ ಕಾಣಿಕೆಯೆಂದು ಕರೆಯಬಹುದಾದದ್ದು ಒಂದೇ, ಭಾನುವಾರ ನಸುಕಿನಲ್ಲಿ ಸ್ತ್ರೀಯರು ಸಮಾಧಿಗೆ ಒಯ್ದ ಸುಗಂಧದ್ರವ್ಯ. ಸಮಾಧಿ ಬರಿದಾಗಿದ್ದುದರಿಂದ ಅದು ಬಳಕೆಯಾಗಲೇ ಇಲ್ಲ. ಆದುದರಿಂದ ಈಸ್ಟರನ್ನು ಎರಡನೆಯ ಕ್ರಿಸ್‌ಮಸ್ ಮಾಡಿ, ಕಾಗದ ಸುತ್ತಿದ ಪೊಟ್ಟಣಗಳನ್ನು ಜೋಡಿಸಿಡುವುದಕ್ಕೆ ಹಬ್ಬದೊಳಗಿನಿಂದ ಸಿಗುವ ಸಮರ್ಥನೆ ಏನೂ ಇಲ್ಲ.

ಹಾಗಾದರೆ ಮೊಟ್ಟೆ ಎಲ್ಲಿಂದ ಬಂತು? ಅದು ಹುಟ್ಟಿದ್ದು ಉಡುಗೊರೆಯಾಗಿ ಅಲ್ಲ, ಉಪವಾಸ ಮುಗಿಸುವ ಊಟವಾಗಿ. ಮಧ್ಯಯುಗದ ಯೂರೋಪಿನಲ್ಲಿ ತಪಸ್ಸುಕಾಲದ ನಲವತ್ತು ದಿನ ಮಾಂಸದ ಜೊತೆಗೆ ಮೊಟ್ಟೆಯೂ ನಿಷಿದ್ಧವಾಗಿತ್ತು. ಆದರೆ ಕೋಳಿಗಳಿಗೆ ಉಪವಾಸದ ಗೊಡವೆ ಇಲ್ಲದ ಕಾರಣ ಅವು ಇಡುತ್ತಲೇ ಇದ್ದವು, ಮನೆಗಳಲ್ಲಿ ಮೊಟ್ಟೆ ರಾಶಿ ಬೀಳುತ್ತಿತ್ತು, ಈಸ್ಟರ್ ದಿನ ಅದನ್ನೆಲ್ಲ ಬೇಯಿಸಿ, ಬಣ್ಣ ಹಾಕಿ, ಮನೆಯವರಿಗೂ ಆಳುಗಳಿಗೂ ಮಕ್ಕಳಿಗೂ ಹಂಚುತ್ತಿದ್ದರು. ಇಂಗ್ಲೆಂಡಿನ ಒಂದನೇ ಎಡ್ವರ್ಡ್ ದೊರೆಯ ಅರಮನೆಯ 1290ರ ಲೆಕ್ಕಪತ್ರದಲ್ಲಿ ಈಸ್ಟರ್‌ಗೆಂದು 450 ಮೊಟ್ಟೆ ಕೊಂಡದ್ದಕ್ಕೆ 18 ಪೆನ್ಸ್ ಖರ್ಚು ಬರೆದಿದೆ. ಅವುಗಳಿಗೆ ಬಣ್ಣ ಹಾಕಿ, ಚಿನ್ನದ ರೇಕು ಹೊದಿಸಿ ಅರಮನೆಯವರಿಗೆ ಹಂಚಲಾಯಿತು. ಗ್ರೀಸಿನಲ್ಲಿ ಪವಿತ್ರ ಗುರುವಾರ ಕೆಂಪು ಬಣ್ಣ ಹಾಕಿಟ್ಟ ಮೊಟ್ಟೆಗಳನ್ನು ಹಬ್ಬದಂದು ಒಂದಕ್ಕೊಂದು ಕುಟ್ಟಿ ಒಡೆದು ತಿನ್ನುತ್ತಾರೆ. ಪೋಲೆಂಡಿನಲ್ಲಿ ಪವಿತ್ರ ಶನಿವಾರ ಮೊಟ್ಟೆ, ರೊಟ್ಟಿ, ಉಪ್ಪು, ಮಾಂಸಗಳ ಬುಟ್ಟಿಯನ್ನು ಚರ್ಚಿಗೆ ಒಯ್ದು ಆಶೀರ್ವಾದ ಪಡೆದು ಮರುದಿನ ಬೆಳಗ್ಗೆ ಮನೆಮಂದಿ ಪಾಲು ಹಂಚಿಕೊಳ್ಳುತ್ತಾರೆ. ಎಲ್ಲೆಡೆಯೂ ಅದು ತಿನ್ನುವ ವಸ್ತು, ಒಬ್ಬರದಲ್ಲದೆ ಎಲ್ಲರದು.

ಮಕ್ಕಳಿಗೇ ಮೀಸಲಾದ ಮೊಟ್ಟೆ ಬಂದದ್ದು ಅನಂತರ. ಮೊಲ ಬಂದು ತೋಟದಲ್ಲಿ ಮೊಟ್ಟೆ ಅಡಗಿಸಿಡುತ್ತದೆ ಎಂಬ ಜರ್ಮನ್ ನಾಡಿನ ನಂಬಿಕೆಯನ್ನು 1682ರಲ್ಲಿ ಒಬ್ಬ ವೈದ್ಯ ಬರೆದಿಟ್ಟಿದ್ದಾನೆ. 18ನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದ ಜರ್ಮನರು ಅದನ್ನು ಅಮೆರಿಕಕ್ಕೆ ಕೊಂಡೊಯ್ದರು. ಬ್ರಿಟನ್ನಿನಲ್ಲಿ ಟೊಳ್ಳು ಚಾಕೊಲೇಟ್ ಮೊಟ್ಟೆಯನ್ನು ಬ್ರಿಸ್ಟಲ್ಲಿನ ಫ್ರೈ ಕಂಪೆನಿ 1873ರಲ್ಲಿಯೂ ಬರ್ಮಿಂಗ್‌ಹ್ಯಾಮಿನ ಕ್ಯಾಡ್‌ಬರಿ 1875ರಲ್ಲಿಯೂ ಮಾರುಕಟ್ಟೆಗೆ ತಂದವು. ಅಲ್ಲಿ ಇಂದು ಅಜ್ಜ ಅಜ್ಜಿ, ಅತ್ತೆ ಮಾವಂದಿರು ಮಕ್ಕಳಿಗೆ ಒಂದೊಂದು ಚಾಕೊಲೇಟ್ ಮೊಟ್ಟೆ ಕೊಡುವುದು ತೀರಾ ಸಾಮಾನ್ಯ, ಆದುದರಿಂದ ನಿಮ್ಮ ನಾದಿನಿ ತಾವಿರುವ ಊರಿನ ರೂಢಿಯನ್ನೇ ಪ್ರೀತಿಯಿಂದ ನಡೆಸಿಕೊಂಡು ಬರುತ್ತಿದ್ದಾರೆ ಎಂದು ತಿಳಿಯಿರಿ. ಆಟಿಕೆಗಳ ರಾಶಿ ಮಾತ್ರ ಅಂಗಡಿಗಳು ಕೂಡಿಸಿದ್ದು. ಮೊಟ್ಟೆ ಸಾಕು, ಆಟಿಕೆ ಕ್ರಿಸ್‌ಮಸ್‌ಗೆ ಇರಲಿ ಎಂದು ಅವರಿಗೆ ಹೇಳುವುದರಲ್ಲಿ ತಪ್ಪಿಲ್ಲ. ಅದನ್ನು ನೀವು ಹೇಳುವುದಕ್ಕಿಂತ ನಿಮ್ಮ ಪತಿ ತಮ್ಮ ಅಕ್ಕನಿಗೋ ತಂಗಿಗೋ ಹೇಳುವುದು ಮೇಲು. (ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಏಪ್ರಿಲ್ ಬಿಸಿಲಿನಲ್ಲಿ ಆ ಪಾರ್ಸೆಲ್ ಯಾವ ಸ್ಥಿತಿಯಲ್ಲಿ ನಿಮ್ಮ ಕೈಸೇರುತ್ತದೆ ಎಂಬುದು ನಮಗೂ ಕುತೂಹಲ. ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆದ ಕೋಕೋದಿಂದ ಪುತ್ತೂರಿನ ಕ್ಯಾಂಪ್ಕೋ ಕಾರ್ಖಾನೆ 1986ರಿಂದ ಚಾಕೊಲೇಟ್ ಮಾಡುತ್ತಿರುವಾಗ ಅದು ಸಮುದ್ರ ದಾಟಿಯೇ ಬರಬೇಕೆಂದೇನೂ ಇಲ್ಲ.)

ಇಷ್ಟಾದರೂ ನಿಮ್ಮ ಅತ್ತೆಯವರಿಗೆ ಒಂದು ಮಾತನ್ನು ನೆನಪಿಸಬೇಕು. ಮಂಗಳೂರಿನ ಕಡೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಯೇಸುವಿನ ತಾಯಿ ಮರಿಯಮ್ಮನ ಜನ್ಮದಿನ) ಮುನ್ನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ಒಯ್ದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ; ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಅವರ ಕೈಗೆ ಕಬ್ಬು ಸಿಗುತ್ತದೆ. ಹಬ್ಬದಲ್ಲಿ ಮಕ್ಕಳ ಕೈಗೆ ಏನಾದರೂ ಕೊಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ ಎನ್ನುವಂತಿಲ್ಲ. ಆ ಕಬ್ಬಿನ ಹಂಚಿಕೆಯಲ್ಲಿ ಶ್ರೀಮಂತರ ಮಗುವಿಗೆ ದೊಡ್ಡದು, ಬಡವರ ಮಗುವಿಗೆ ಚಿಕ್ಕದು ಎಂಬ ಲೆಕ್ಕವಿಲ್ಲ, ಮತ್ತು ಹಂಚುವುದು ಎಲ್ಲರ ಎದುರಿಗೆ. ಈಸ್ಟರ್ ಮೊಟ್ಟೆಯನ್ನೂ ಇದೇ ರೀತಿ ಕೊಡಬಹುದಲ್ಲವೇ? ಬಾದಾಮಿಯ ಬದಲು ಗೇರುಬೀಜ ಅರೆದು ಮಾಡುವ ಮಾರ್ಜಿಪಾನ್ ಎಂಬ ಸಿಹಿ ನಮ್ಮ ಕರಾವಳಿಯ ಕ್ರೈಸ್ತ ಅಡುಗೆಮನೆಗಳಿಗೆ ಹೊಸದಲ್ಲ. ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಬೇಯಿಸಿದ ಮೊಟ್ಟೆಗೆ ಕೆಂಗಂದು ಬಣ್ಣವೂ ಅರಿಸಿನದ ನೀರಿನಲ್ಲಿ ಬೇಯಿಸಿದ್ದಕ್ಕೆ ಹಳದಿಯೂ ಬರುತ್ತದೆ. ಪವಿತ್ರ ಶನಿವಾರ ಮಧ್ಯಾಹ್ನ ಅಜ್ಜಿಯ ಜೊತೆ ಮೊಮ್ಮಕ್ಕಳು ಕುಳಿತು ಇದನ್ನು ಮಾಡಿ, ಹಬ್ಬದ ಬೆಳಗ್ಗೆ ಮೆಟ್ಟಿಲ ಕೆಳಗಿನ ಮನೆಗೂ ಕಾವಲುಗಾರನ ಮಕ್ಕಳಿಗೂ ಕೊಟ್ಟುಬಂದರೆ, ಪದ್ಧತಿ ಇಲ್ಲವೆನ್ನುವ ಅತ್ತೆಯವರೇ ಪದ್ಧತಿಯನ್ನು ಆರಂಭಿಸಿದಂತಾಗುತ್ತದೆ. ಹೊಸ ಬಟ್ಟೆಗೂ ನಮ್ಮ ಆಕ್ಷೇಪವಿಲ್ಲ. ಆದಿ ಕ್ರೈಸ್ತಸಭೆಯಲ್ಲಿ ಪಾಸ್ಖ ಜಾಗರಣೆಯ, ಅಂದರೆ ಈಸ್ಟರ್ ಹಿಂದಿನ, ರಾತ್ರಿ ದೀಕ್ಷಾಸ್ನಾನ ಪಡೆದವರು ಬಿಳಿಯ ಹೊಸ ಉಡುಪು ಧರಿಸುತ್ತಿದ್ದರು, ಆದುದರಿಂದ ಹಬ್ಬಕ್ಕೂ ಹೊಸ ಬಟ್ಟೆಗೂ ಇರುವ ನಂಟು ಆಟಿಕೆಯ ನಂಟಿಗಿಂತ ಬಹಳ ಹಳೆಯದು.

ಇನ್ನು ಸೈಕಲ್. ಧರ್ಮಸಭೆಯ ಕಾನೂನು ಮಾಂಸವರ್ಜನೆಯನ್ನು ಹದಿನಾಲ್ಕು ತುಂಬಿದವರಿಗೆ, ಉಪವಾಸವನ್ನು ಹದಿನೆಂಟರಿಂದ ಐವತ್ತೊಂಬತ್ತರವರೆಗಿನವರಿಗೆ ವಿಧಿಸಿದೆ. ಒಂಬತ್ತರ ಮಗುವಿನಿಂದ ಅದು ಏನನ್ನೂ ಕೇಳುವುದಿಲ್ಲ. ಹಾಗಿರುವಾಗ ಮಗು ತಾನಾಗಿ ಚಾಕೊಲೇಟ್ ಬಿಟ್ಟರೆ ಅದಕ್ಕೆ ಬೆಲೆಯಿದೆ. ಸೈಕಲ್ಲಿಗಾಗಿ ಬಿಟ್ಟರೆ ಅದು ಕೂಲಿಯ ಕೆಲಸ. ಇಪ್ಪತ್ತನೆಯ ದಿನ ಗೆಳತಿಯ ಹುಟ್ಟುಹಬ್ಬದಲ್ಲಿ ಅವಳು ಒಂದು ತುಂಡು ಕೇಕ್ ತಿಂದಳು ಎಂದುಕೊಳ್ಳಿ. ಒಂದೋ ಅವಳು ಅದನ್ನು ನಿಮ್ಮಿಂದ ಮುಚ್ಚಿಡುತ್ತಾಳೆ, ಇಲ್ಲವೇ ಹೇಳಿ ಸೈಕಲ್ ಕಳೆದುಕೊಂಡು ಅಳುತ್ತಾ ಹಬ್ಬದ ಪೂಜೆಗೆ ಬರುತ್ತಾಳೆ. ಯಾರ ಅರ್ಹತೆಯನ್ನೂ ನೋಡದೆ ದೊರೆತ ಕೃಪೆಯೆಂದು ಚರ್ಚು ಸಾರುವ ದಿನವೇ ಮನೆಯಲ್ಲಿ ಅರ್ಹತೆಯ ಲೆಕ್ಕ ನೋಡಿದಂತಾಗುತ್ತದೆ. ಮತ್ತೊಂದು ಮಾತು: ತಪಸ್ಸುಕಾಲದ ಭಾನುವಾರಗಳು ಆ ನಲವತ್ತು ದಿನಗಳ ಲೆಕ್ಕಕ್ಕೆ ಸೇರುವುದಿಲ್ಲ, ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ ಎಣಿಸಿದರೆ ನಲವತ್ತಾರು ದಿನಗಳಾಗುವುದು ಅದಕ್ಕೇ. ಭಾನುವಾರ ಮಗಳು ಒಂದು ಚಾಕೊಲೇಟ್ ತಿಂದರೆ ವ್ರತಭಂಗವೇನೂ ಆಗುವುದಿಲ್ಲ.

ಆದರೆ ತಂದೆ ಕೊಟ್ಟ ಮಾತನ್ನು ಹಿಂದೆಗೆದುಕೊಳ್ಳಬಾರದು. ಸೈಕಲ್ ಬರುತ್ತದೆ, ನೀನು ಚಾಕೊಲೇಟ್ ಬಿಟ್ಟರೂ ಬಿಡದಿದ್ದರೂ ಬರುತ್ತದೆ, ಅದು ಬೇಸಿಗೆ ರಜೆಗೆ ಎಂದು ಅವರೇ ಮಗಳನ್ನು ಕೂರಿಸಿಕೊಂಡು ಹೇಳಲಿ. ರಜೆ ಹೇಗೂ ಏಪ್ರಿಲ್‌ನಲ್ಲಿಯೇ ಆರಂಭವಾಗುತ್ತದೆ. ಅದಾದ ಮೇಲೂ ಅವಳು ಚಾಕೊಲೇಟ್ ಬಿಡುವುದಾದರೆ, ಉಳಿದ ಹಣವನ್ನು ಒಂದು ಡಬ್ಬಿಗೆ ಹಾಕಿಸಿ. ಪ್ರಾರ್ಥನೆ, ಉಪವಾಸ, ದಾನ ಎಂಬ ಮೂರರಲ್ಲಿ ನಾವು ಮಕ್ಕಳಿಗೆ ಎರಡನೆಯದನ್ನು ಮಾತ್ರ ಕಲಿಸಿ ಮೂರನೆಯದನ್ನು ಮರೆಯುತ್ತೇವೆ. ಆ ಡಬ್ಬಿಯ ಹಣ ಯಾರಿಗೆ ಹೋಗಬೇಕೆಂಬುದನ್ನು ಅವಳೇ ನಿರ್ಧರಿಸಲಿ. ಮಗನ ಪ್ರಶ್ನೆಗೆ ಉತ್ತರ ಸುಲಭ: ಅಕ್ಕನಿಗೆ ಸಿಗುವಷ್ಟೇ ದೊಡ್ಡ ಮೊಟ್ಟೆ.

ಪ್ರಶ್ನೆ: ನಾವು ಧಾರವಾಡದವರು, ಬರ್ಮಿಂಗ್‌ಹ್ಯಾಮಿನಲ್ಲಿದ್ದೇವೆ, ಹಿಂದೂಗಳು, ಮೊಟ್ಟೆಯನ್ನೂ ತಿನ್ನದವರು. ಈಸ್ಟರ್ ರಜೆ ಮುಗಿದು ಶಾಲೆಗೆ ಹೋದ ಮಗ, ಎಲ್ಲರಿಗೂ ಮೊಟ್ಟೆ ಸಿಕ್ಕಿದೆ, ನನಗೊಬ್ಬನಿಗೆ ಇಲ್ಲ ಎಂದು ಅಳುತ್ತಾ ಬಂದ. ನಮ್ಮದಲ್ಲದ ಹಬ್ಬಕ್ಕೆ ನಾವು ಉಡುಗೊರೆ ಕೊಡಬೇಕೇ?

*(ಓದುಗರೊಬ್ಬರು, ಬರ್ಮಿಂಗ್‌ಹ್ಯಾಮ್)*

ಉತ್ತರ: ಕೊಡಲೇಬೇಕೆಂಬ ಕಟ್ಟಳೆ ಏನೂ ಇಲ್ಲ, ಕೊಟ್ಟರೆ ಧರ್ಮಕ್ಕೆ ಕುಂದೂ ಇಲ್ಲ. ನೀವಿರುವ ಊರಿನಲ್ಲಿ ಚಾಕೊಲೇಟ್ ಮೊಟ್ಟೆ ಬಹುಪಾಲು ವಸಂತಕಾಲದ ರಜೆಯ ತಿಂಡಿಯಾಗಿಬಿಟ್ಟಿದೆ. ಚರ್ಚಿಗೆ ಹೋಗದವರೂ ಅದನ್ನು ಕೊಳ್ಳುತ್ತಾರೆ. ಅದೇ ಹೊತ್ತಿಗೆ, ಈಸ್ಟರ್ ಆಚರಿಸದ ಕ್ರೈಸ್ತರೂ ಇದ್ದಾರೆ. ಯೆಹೋವನ ಸಾಕ್ಷಿಗಳು ಎಂಬ ಪಂಗಡದವರ ಮಕ್ಕಳು ಮೊಟ್ಟೆಯಿಲ್ಲದೆಯೇ ಶಾಲೆಗೆ ಬರುತ್ತಾರೆ. ಆದುದರಿಂದ ತಾನೊಬ್ಬನೇ ಎಂಬ ಮಗನ ದುಃಖ ನಿಜವಾದರೂ ಲೆಕ್ಕ ಪೂರ್ತಿ ಸರಿಯಿರಲಾರದು.

ಒಂದು ಮೊಟ್ಟೆ ಕೊಡಿಸುವುದಾದರೆ ಹೊದಿಕೆಯ ಮೇಲಿನ ಪಟ್ಟಿಯನ್ನು ಓದಿ. ಬರೀ ಚಾಕೊಲೇಟಿನ ಟೊಳ್ಳು ಮೊಟ್ಟೆಯಲ್ಲಿ ಸಾಮಾನ್ಯವಾಗಿ ಮೊಟ್ಟೆಯ ಅಂಶ ಇರುವುದಿಲ್ಲ, ಆದರೆ ಒಳಗೆ ಬಿಳಿ ಹಳದಿ ಸಕ್ಕರೆಪಾಕ ತುಂಬಿದ ಕೆಲವು ಬಗೆಗಳಲ್ಲಿ ಒಣಗಿಸಿದ ಮೊಟ್ಟೆಯ ಬಿಳಿಭಾಗ ಇರುತ್ತದೆ, ಮಾರ್ಷ್‌ಮ್ಯಾಲೋ ಕೋಳಿಮರಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುವುದು ಸಾಮಾನ್ಯ. ಮಗನಿಗೆ ಕೊಡುವಾಗ, ಇದು ನಮ್ಮ ನೆರೆಯವರ ಹಬ್ಬ, ಯೇಸು ಸತ್ತು ಮತ್ತೆ ಎದ್ದನೆಂದು ಅವರು ನಂಬುತ್ತಾರೆ ಎಂಬುದನ್ನೂ ಹೇಳಿಬಿಡಿ. ಮೊಲ ತಂದಿಟ್ಟಿತು ಎಂಬ ಕಥೆಯೊಂದನ್ನೇ ಹೇಳಿದರೆ ಹಬ್ಬ ಯಾರದು, ಏಕೆ ಎಂಬುದು ಅವನಿಗೆ ಎಂದೂ ತಿಳಿಯುವುದಿಲ್ಲ. ನಮಗೆ ತೋರುವಂತೆ ಮಗುವಿಗೆ ಕೊರತೆಯಾದದ್ದು ಮೊಟ್ಟೆಯಲ್ಲ, ತರಗತಿಯಲ್ಲಿ ಹೇಳಿಕೊಳ್ಳಲು ತನ್ನದೊಂದು ಕಥೆ. ಇದೇ ಋತುವಿನಲ್ಲಿ ಬರುವ ಯುಗಾದಿಗೆ ಅವನಿಗೆ ಹೊಸ ಅಂಗಿ ಸಿಕ್ಕಿತೇ? ಹೋಳಿಗೆಯ ಕಥೆಯನ್ನು ಅವನು ಶಿಕ್ಷಕಿಗೆ ಹೇಳಿದನೇ? ಅದು ನಡೆದಿದ್ದರೆ ಮೊಟ್ಟೆ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ.

ಪ್ರಶ್ನೆ: ನಾನು ನಮ್ಮ ಸಭೆಯ ಸಂಡೇ ಸ್ಕೂಲ್ ಶಿಕ್ಷಕಿ. ಸೂರ್ಯೋದಯದ ಆರಾಧನೆಯ ನಂತರ ಚರ್ಚಿನ ಆವರಣದಲ್ಲಿ ಮೊಟ್ಟೆ ಹುಡುಕುವ ಆಟ ಏರ್ಪಡಿಸಿದರೆ ಹಿರಿಯರು ಅದು ಅನ್ಯದೇವತೆಯ ಆಚರಣೆ ಎನ್ನುತ್ತಾರೆ. ಮಕ್ಕಳಲ್ಲಿ ಕೆಲವರಿಗೆ ಹತ್ತು ಸಿಕ್ಕರೆ ಕೆಲವರಿಗೆ ಒಂದೂ ಸಿಗುವುದಿಲ್ಲ. ಏನು ಮಾಡಲಿ?

*(ಓದುಗರೊಬ್ಬರು, ಹುಬ್ಬಳ್ಳಿ)*

ಉತ್ತರ: ಹಿರಿಯರ ಮಾತಿಗೆ ಮೂಲ, ಎಂಟನೆಯ ಶತಮಾನದ ಇಂಗ್ಲಿಷ್ ಸನ್ಯಾಸಿ ಬೀಡ್ ಬರೆದಿಟ್ಟ ಎಯೋಸ್ತ್ರೆ ಎಂಬ ದೇವತೆಯ ಪ್ರಸ್ತಾಪ. ಬೀಡ್ ಅಲ್ಲಿ ಆ ದೇವತೆಯಿಂದ ಬಂದ, ಈಸ್ಟರ್ ಎಂಬ ಪದಕ್ಕೂ ಮೂಲವಾದ ತಿಂಗಳ ಹೆಸರಿನ ಮಾತಾಡುತ್ತಾನೆಯೇ ಹೊರತು ಮೊಟ್ಟೆಯ ಮಾತನ್ನು ಎತ್ತುವುದಿಲ್ಲ. ಮೊಟ್ಟೆ ಬಂದ ದಾರಿಯನ್ನು ಮೇಲೆ, ಮೊದಲ ಉತ್ತರದಲ್ಲಿ ವಿವರಿಸಿದ್ದೇವೆ. ಆದರೂ ಸಭೆಯಲ್ಲಿ ಮನಸ್ತಾಪವಾಗುವುದಾದರೆ ಆಟವನ್ನು ಆವರಣದಿಂದ ಹೊರಗೆ, ಯಾರಾದರೊಬ್ಬರ ತೋಟದಲ್ಲಿ ಇಟ್ಟುಕೊಳ್ಳಿ. ಹಂಚಿಕೆಗೆ ಒಂದು ಸುಲಭ ಉಪಾಯವಿದೆ: ಪ್ರತಿ ಮಗುವಿಗೂ ಒಂದು ಬಣ್ಣ ಗೊತ್ತುಮಾಡಿ, ಪ್ರತಿ ಬಣ್ಣದವೂ ಅಷ್ಟಷ್ಟೇ ಇರಲಿ, ತನ್ನದಲ್ಲದ ಬಣ್ಣ ಕಂಡ ಮಗು ಅದನ್ನು ಅದರ ಒಡೆಯನಿಗೆ ತೋರಿಸಿಕೊಡಲಿ. ದೊಡ್ಡ ಮಕ್ಕಳು ಬೇಗ ಮುಗಿಸಿ ಚಿಕ್ಕವರಿಗೆ ನೆರವಾಗುತ್ತಾರೆ.

ಬೇಯಿಸಿದ ಮೊಟ್ಟೆಗಳನ್ನು ಹಿಂದಿನ ರಾತ್ರಿಯೇ ಪೊದೆಗಳಲ್ಲಿ ಅಡಗಿಸಿಡಬೇಡಿ. ಹೊರಗಿನ ತಾಪದಲ್ಲಿ ಅವು ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಲೇರಿದ ಮೇಲೆ ಒಂದು ಗಂಟೆಯೂ ಹೆಚ್ಚೇ. ಹುಡುಕಾಟಕ್ಕೆ ಕಾಗದದ ಮೊಟ್ಟೆ ಇಟ್ಟು, ಅದನ್ನು ತಂದುಕೊಟ್ಟವರಿಗೆ ತಿನ್ನುವ ಮೊಟ್ಟೆಯನ್ನು ಕೈಯಿಂದಲೇ ಕೊಟ್ಟರೆ ಆಯಿತು. ಐದು ವರ್ಷದೊಳಗಿನವರಿಗೆ ಮಾತ್ರ ಗಟ್ಟಿಯಾದ ಚಿಕ್ಕ ಮಿಠಾಯಿ ಮೊಟ್ಟೆಗಳನ್ನು ಕೊಡಲೇಬೇಡಿ, ಅವು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.